ಹೂಂ ಅಂದಳೆಂದು ಹೇಳಿದವಳು

ಹೊನ್ನಾಳಿಯ ನಮ್ಮ ಮನೆಯಲ್ಲಿ ಮೊನ್ನೆ ಮಿಕ್ಸಿ ಕೆಟ್ಟಿತು. ಚಟ್ನಿಗೆ ಕಡಲೆ ಹಾಕಿ ಗುಂಡಿ ತಿರುಗಿಸಿದರೆ ಒಮ್ಮೆ ಗೊರಕೆ ಹೊಡೆದು ಸುಮ್ಮನಾಯಿತು. ಪಕ್ಕದಲ್ಲೇ ಕೊತ್ತಂಬರಿ ಸೋಸುತ್ತ ನಿಂತಿದ್ದ ನನ್ನ ತಂಗಿ ಗಿರಿಜೆ ಎಂಟು ದಿನಗಳಿಂದ ಮಾತೇ ಆಡಿಲ್ಲವೆಂಬುದು ನನಗೆ ಗೊತ್ತಾದದ್ದು ಆ ಗದ್ದಲ ನಿಂತ ಮೇಲೆಯೇ. ಜಗಳೂರು ಕಡೆಯ ಗಂಡನ ಮನೆಯಿಂದ ಒಂದು ಚೀಲ ಹಿಡಿದು ಬಂದವಳು ಬಾಗಿಲಲ್ಲೇ, "ಅಲ್ಲಿ ಯಾರೂ ನನ್ ಜೊತೆ ಮಾತಾಡಲ್ಲಕ್ಕ" ಎಂದಿದ್ದಳು, ಅಷ್ಟೇ. ನಾನೋ ದಿನವಿಡೀ ಮಕ್ಕಳಿಗೆ ಪಾಠ ಒದರಿ ಬರುವ ಟೀಚರು. ಮನೆಯಲ್ಲೂ ಇಬ್ಬರ ಪಾಲಿನ ಮಾತನ್ನು ಒಬ್ಬಳೇ ಆಡಿ ಮುಗಿಸುತ್ತಿದ್ದೆ.

ಸುಮ್ಮನಿರುವುದೆಂದರೆ ಎಲ್ಲ ಕಡೆಯೂ ಒಂದೇ ಎಂದು ನೀವು ತಿಳಿದಿದ್ದರೆ ನನ್ನ ಅವಸ್ಥೆ ಕೇಳಿ. ನಮ್ಮತ್ತೆ ತೀರಿಕೊಂಡಾಗ ಅಳು ಬಾರದೆ ಮೂಲೆಯಲ್ಲಿ ಕೂತ ನನ್ನನ್ನು ನೆಂಟರೆಲ್ಲ ಕಲ್ಲೆದೆಯವಳೆಂದರು, ಏಕೆಂದರೆ ನಮ್ಮಲ್ಲಿ ಸತ್ತವರ ಗುಣಗಳನ್ನು ಎಣಿಸಿ ಎಣಿಸಿ ಗಟ್ಟಿಯಾಗಿ ಅಳಬೇಕು. ಬುದ್ಧಿ ಬಂತೆಂದು, ಪಕ್ಕದ ಮನೆಯ ಮುಮ್ತಾಜಳ ತಂದೆ ಹೋದಾಗ ಬಾಗಿಲಿನಿಂದಲೇ ದನಿ ತೆಗೆದೆ. ಅವಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದು, "ಜೋರಾಗಿ ಅಳಬ್ಯಾಡ್ರಿ ಟೀಚರ್, ಸಬರ್ ಮಾಡ್ರಿ, ತಾಳ್ಕೊಳ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ನ್ಯಾಮತಿಯಿಂದ ಬಸ್ಸಿಗೆ ಬರುವ ನಮ್ಮ ಶಾಲೆಯ ಸುಜಾತಾ ಟೀಚರ ಮನೆಯವರು ಬೌದ್ಧರು. ಬುದ್ಧ ವಂದನೆ ಮುಗಿಸಿ ಅವರು ಕಣ್ಣು ಮುಚ್ಚಿ ಕೂರುವ ಆ ಹತ್ತು ನಿಮಿಷದ ಮೌನವನ್ನು ನಾನೊಮ್ಮೆ ಬಾಯಿತುಂಬ ಹೊಗಳಿದೆ, ನಿಮ್ಮ ಮಂದಿಗೆ ಮೌನ ರಕ್ತದಲ್ಲೇ ಬಂದಿದೆ ಎಂದುಬಿಟ್ಟೆ. ಅವರು ನಗಲಿಲ್ಲ. "ನಮ್ ತಾತ ಒಳಗೆ ಬಿಡದ ಹೋಟ್ಲು ಹೊರಗೆ ಲೋಟ ಹಿಡ್ಕೊಂಡು ಸುಮ್ನೆ ನಿಂತಿರ್ತಿದ್ರು. ಅದು ಬ್ಯಾರೆ, ಇದು ಬ್ಯಾರೆ. ಎರಡನ್ನೂ ಒಂದೇ ಮಾಡಬ್ಯಾಡ್ರಿ" ಎಂದರು. ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಆದರೆ ಹೆಣ್ಣಿನ ವಿಷಯಕ್ಕೆ ಬಂದರೆ ನಮ್ಮ ಮನೆಗೂ ಮುಮ್ತಾಜಳ ಮನೆಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ನಿಕಾಹದ ದಿನ ಸಾಕ್ಷಿಗಳು ಬಂದು ಒಪ್ಪಿಗೆ ಕೇಳಿದಾಗ ತಾನು ಬಾಯಿ ಬಿಡದೆ ಅಳುತ್ತಿದ್ದೆನೆಂದೂ, ಅಜ್ಜಿಯೇ "ಸುಮ್ನೆ ಐತಲ್ಲ ಮಗು, ಬರ್ಕೊಳ್ರಿ" ಎಂದಳೆಂದೂ ಅವಳು ಒಮ್ಮೆ ಹೇಳಿದ್ದಳು. ಅವಳ ಪುಣ್ಯ, ಗಂಡ ಒಳ್ಳೆಯವನು ಸಿಕ್ಕ. ಸಂತೇಬೆನ್ನೂರಿನ ನಮ್ಮ ತವರಿನಲ್ಲೂ ಒಂದು ಪದ್ಧತಿಯಿತ್ತು. ಗಂಡಿನವರು ಉಪ್ಪಿಟ್ಟು ತಿಂದು ಕೈ ತೊಳೆಯಲು ಎದ್ದಾಗ ಮದುವೆಯಾದ ಅಕ್ಕ ಒಳಗೆ ಹೋಗಿ ಹುಡುಗಿಯನ್ನು ಕೇಳಿ ಬರಬೇಕು. ಅವರು ಕೈ ಒರೆಸಿಕೊಂಡು ಬಂದು ಕೂರುವಷ್ಟರಲ್ಲಿ ಉತ್ತರ ಹಜಾರಕ್ಕೆ ತಲುಪಬೇಕು.

ಗಿರಿಜೆಯ ಸರದಿಯಲ್ಲಿ ಒಳಗೆ ಹೋದವಳು ನಾನು. ಅವಳು ಬೆನ್ನು ಹಾಕಿ ಲೋಟಗಳಿಗೆ ಟೀ ಬಗ್ಗಿಸುತ್ತಿದ್ದಳು. ಕೇಳಿದೆ. ಮಾತಿಲ್ಲ. ಮತ್ತೆ ಕೇಳಿದೆ. ಟೀ ಸೋಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹೊರಗೆ ಅಪ್ಪ ಕೆಮ್ಮಿದರು. ಹುಡುಗನಿಗೆ ಕಾಯಂ ನೌಕರಿ, ಕುಡಿತವಿಲ್ಲ, ಇಸ್ಪೀಟಿಲ್ಲ. ನಾನು ಹೊರಗೆ ಬಂದು, "ಹೂಂ ಅಂದ್ಲು" ಎಂದೆ. ಅವಳು ಆಡದ ಒಂದಕ್ಷರವನ್ನು ನಾನು ಸೇರಿಸಿದೆ, ಮದುವೆಯಾಯಿತು.

ಆ ಮನೆಯಲ್ಲಿ ಸುಮ್ಮನಿರುವುದು ಶಿಕ್ಷೆ. ಸಾರಿಗೆ ಉಪ್ಪು ಹೆಚ್ಚಾದರೆ ಗಂಡ ತಿಂಗಳುಗಟ್ಟಲೆ ಮಾತು ಬಿಡುತ್ತಾನೆ, ಅತ್ತೆಯೂ ಬಿಡುತ್ತಾಳೆ. ಅನ್ನ ಬೇಕಾದರೆ ತಟ್ಟೆ ಕುಟ್ಟುತ್ತಾರೆ. ಈ ಸಲ ಯುಗಾದಿಯಿಂದ ದೀಪಾವಳಿಯವರೆಗೂ ಅವಳ ಹೆಸರು ಹಿಡಿದು ಕೂಗಿದವರಿಲ್ಲ. ಮಿಕ್ಸಿ ಕೆಟ್ಟ ಆ ಬೆಳಿಗ್ಗೆ ನಾನು ಬಿಡದೆ ಕೇಳಿದ್ದಕ್ಕೆ ತುಂಡು ತುಂಡಾಗಿ ಅವಳು ಹೇಳಿದ್ದಿಷ್ಟು.

ಭಾನುವಾರ ಗಂಡನ ಮನೆಯವರು ಕಾರು ಮಾಡಿಕೊಂಡು ಅವಳನ್ನು ಕರೆದೊಯ್ಯಲು ಬಂದರು. ಅಪ್ಪ ಈಗಿಲ್ಲ, ಚನ್ನಗಿರಿಯಿಂದ ದೊಡ್ಡಪ್ಪ ಬಂದು ನ್ಯಾಯಕ್ಕೆ ಕೂತರು. "ಹೊಡೀತಾನೇನು? ಇಲ್ಲ. ಕುಡೀತಾನೇನು? ಇಲ್ಲ. ಮಾತಾಡಲ್ಲ ಅಂದ್ರೆ ಅದೂ ಒಂದು ಕಷ್ಟನಾ?" ಎಂದು ತಾವೇ ಕೇಳಿ ತಾವೇ ಉತ್ತರಿಸಿಕೊಂಡರು. ಗಿರಿಜೆಯ ಗಂಡ ಮೊಬೈಲು ನೋಡುತ್ತಿದ್ದ. ಕೊನೆಗೆ ದೊಡ್ಡಪ್ಪ ನನ್ನತ್ತ ತಿರುಗಿ, "ಒಳಗೋಗಿ ಅವಳನ್ನ ಒಂದ್ ಮಾತು ಕೇಳ್ಕೊಂಡು ಬಾರವ್ವ, ಹೋಗಾಕೆ ಒಪ್ಪಿಗೆ ಐತೋ ಇಲ್ವೋ" ಎಂದರು.

ಗಿರಿಜೆ ಮಂಚದ ಮೇಲೆ ಬಟ್ಟೆ ಮಡಿಸುತ್ತಿದ್ದಳು. ಕೇಳಿದೆ. ಮಾತಿಲ್ಲ.

"ಈ ಸಲ ನೀನ್ ಬಾಯಿಬಿಟ್ಟು ಹೇಳಿದ್ದನ್ನೇ ಹೇಳ್ತೀನಿ ಕಣೇ" ಎಂದೆ.

ಅವಳ ಕೈ ನಿಂತಿತು. "ಈ ಸಲ ಅಂದ್ರೆ? ಆವತ್ತು ಹೊರಗೋಗಿ ಏನಂದೆ ಅಕ್ಕ? ನನ್ ಉತ್ತರಕ್ಕೆ ಕಾಯದೆ ಅಪ್ಪನೇ ಒಪ್ಕೊಂಡ್ರು ಅಂತ ಇಷ್ಟು ವರ್ಷ ಅಪ್ಪನ್ನ ಬೈಕೊಂತಿದ್ದೆ."

ನಿಜ ಹೇಳಿ ಕಾಲಿಗೆ ಬೀಳಬಹುದಿತ್ತು. ಹೋಗಬೇಡ, ಇಲ್ಲೇ ಇರು ಎನ್ನಬಹುದಿತ್ತು. ಅಂದಿದ್ದರೆ ಇರುತ್ತಿದ್ದಳೆಂದು ಈಗಲೂ ನಂಬಿದ್ದೇನೆ. ನಾಚಿಕೆಯಿಂದ ನನಗೆ ನಾಲಿಗೆ ಏಳಲಿಲ್ಲ. ನಾನು ಸುಮ್ಮನಿದ್ದುದರ ಅರ್ಥ ಅವಳಿಗೆ ತಿಳಿಯಿತು. ಚೀಲದ ಜಿಪ್ಪು ಎಳೆದು, ಹಜಾರ ದಾಟಿ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು.

"ನೋಡ್ರಿ, ಒಂದು ಎದುರು ಮಾತಿಲ್ಲ. ನಮ್ಮನೆ ಹೆಣ್ಮಕ್ಕಳು ಅಂದ್ರೆ ಹಿಂಗಿರ್ಬೇಕು" ಎಂದರು ದೊಡ್ಡಪ್ಪ. ಕೂತಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನೂ ಹೌದೆಂದು ತಲೆಯಾಡಿಸಿದೆ.