ಅರ್ಧ ಮನೆ ಇಳಿಸಿದ ಮಧ್ಯಾಹ್ನ

ನಮ್ಮವರು ಹಾರ್ಮೋನಿಯಂ ಬಾರಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ತಂಡ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟಿದ್ದ ನನಗೆ ಬೆರಳು ಹಿಡಿದು ಕಲಿಸಿದವರೂ ಅವರೇ. ಅವರು ತೀರಿಹೋದ ಎಂಟು ತಿಂಗಳಿಗೆ ತಂಡದ ಮಾಲೀಕರು ಮನೆಗೆ ಬಂದರು.

“ಭಾನುವಾರ ಮಧ್ಯಾಹ್ನ ಒಂದು ಕಚೇರಿ ಇದೆ ಅಮ್ಮ. ಬಾರಿಸಿ ನೋಡಿ. ಸರಿಹೋದ್ರೆ ಆ ಜಾಗ ನಿಮ್ದೇ. ಇಲ್ಲಾಂದ್ರೆ ಬೇರೆ ಒಬ್ಬರನ್ನ ನೋಡಿಟ್ಟಿದ್ದೀನಿ.”

ನನಗೆ ಆ ಜಾಗ ಬೇಕಿತ್ತು. ಬೇರೆ ಕೆಲಸ ಬರುತ್ತಿರಲಿಲ್ಲ, ಈ ಕೆಲಸ ಬಿಟ್ಟಿರಲೂ ಆಗುತ್ತಿರಲಿಲ್ಲ.

ಅವತ್ತಿನ ಅತಿಥಿ ಗಾಯಕರು ದೊಡ್ಡ ಹೆಸರಿನವರು. ಎಲ್ಲರೂ ಅವರನ್ನು ದೊಡ್ಡವರು ಎಂದೇ ಕರೆಯುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. “ಅವರದು ಎರಡು ಮನೆಯಂತೆ,” ಎಂದೆ ನಾದಿನಿಗೆ. ಹಾಡುವವರ ಶ್ರುತಿಯನ್ನು ನಾವು ಮನೆಯ ಲೆಕ್ಕದಲ್ಲೇ ಹೇಳುವುದು.

“ಪುಣ್ಯವಂತರು ಬಿಡಿ ಅತ್ತಿಗೆ. ನಮ್ಮದು ಒಂದೇ, ಅದೂ ಸೋರುತ್ತೆ,” ಎಂದಳು ಅವಳು.

ಭಾನುವಾರ ಸಭಾಂಗಣದ ಹಿಂದಿನ ಕೋಣೆಯಲ್ಲಿ ದೊಡ್ಡವರು ಯಾರನ್ನೋ ಬಿಸಿನೀರು ಕೇಳಿದರು. ಅದೊಂದೇ ಮಾತು ನನಗೆ ಸಾಕಾಯಿತು. ಅವರ ಗಂಟಲು ಕಟ್ಟಿತ್ತು. ಎರಡು ಮನೆಯಲ್ಲಿ ಹಾಡಿದರೆ ಮೇಲಿನ ಸ್ವರ ಒಡೆಯುವುದು ಖಂಡಿತ.

ನಮ್ಮದು ಬೆರಳಿಡುವ ಹಲಗೆ ಸರಿಯುವ ಹಾರ್ಮೋನಿಯಂ ಪೆಟ್ಟಿಗೆ. ಒಂದು ಗುಬಟು ತಿರುಗಿಸಿದರೆ ಬೆರಳು ಹಳೆಯ ಜಾಗದಲ್ಲೇ ಇರುತ್ತದೆ, ಸ್ವರ ಮಾತ್ರ ಇಳಿಯುತ್ತದೆ. ನೋಡುವವರಿಗೆ ಏನೂ ಗೊತ್ತಾಗದು. ನಾನು ಯಾರಿಗೂ ಹೇಳದೆ ಅರ್ಧ ಮನೆ ಇಳಿಸಿದೆ. ತಬಲದವರು ನಾನು ಕೊಟ್ಟ ಸ್ವರಕ್ಕೇ ಸುತ್ತಿಗೆ ತಟ್ಟಿ ತಬಲ ಕೂಡಿಸಿಕೊಂಡರು. ಪರದೆ ಎದ್ದಿತು.

ದೊಡ್ಡವರು ಚೆನ್ನಾಗಿಯೇ ಹಾಡಿದರು. ಮೂರು ಹಾಡಿಗೂ ಜೋರು ಚಪ್ಪಾಳೆ. ಗೆದ್ದೆ ಅಂದುಕೊಂಡೆ. ವಿರಾಮದಲ್ಲಿ ಅವರು ನೇರ ನನ್ನ ಹತ್ತಿರ ಬಂದರು.

“ಮೇಲಿನ ಸ್ವರ ಇಷ್ಟು ಸಲೀಸಾಗಿ ಬಂದು ಹತ್ತು ವರ್ಷ ಆಯ್ತು ತಾಯಿ. ಎಷ್ಟು ಇಳಿಸಿದ್ರಿ?”

“ಅರ್ಧ.”

“ಕೇಳಬೇಕಿತ್ತು.”

“ಕೇಳಿದೆ. ಅದಕ್ಕೇ ಇಳಿಸಿದೆ.”

“ಯಾರನ್ನ ಕೇಳಿದ್ರಿ?”

“ನಿಮ್ಮ ಗಂಟಲನ್ನ.”

“ಗಂಟಲು ಯಾರದು?”

ನಾನು ಗುಬಟಿನ ಮೇಲಿದ್ದ ಕೈ ತೆಗೆದೆ. “ಒಡೆದರೆ ನನ್ನದು ಒಡೆಯುತ್ತೆ. ಅದನ್ನ ಮುಚ್ಚಿಡಿ ಅಂತ ನಿಮಗೆ ಹೇಳಿದೋರು ಯಾರು?” ಎಂದು ಹೇಳಿ ಅವರು ನೀರು ಕುಡಿಯಲು ಹೋದರು. ಸಿಟ್ಟಿಗಿಂತ ಅವರಿಗೆ ಅವಮಾನವೇ ಹೆಚ್ಚು ಆದಂತಿತ್ತು. ಜಾಗ ಕೈತಪ್ಪಿತು ಅಂತ ನನಗೆ ಆಗಲೇ ಅನ್ನಿಸಿತು. ಆದರೂ ಅವರು ಹೇಳಿದ್ದು ಸರಿ. ನಮ್ಮವರು ಇದ್ದಿದ್ದರೂ ನನ್ನನ್ನೇ ಬೈಯುತ್ತಿದ್ದರು.

ವಿರಾಮ ಮುಗಿದು ಕೂತ ಮೇಲೆ ತಗ್ಗಿದ ದನಿಯಲ್ಲಿ ಕೇಳಿದೆ, “ಎಷ್ಟು ಕೊಡ್ಲಿ?”

“ಎರಡು.”

ಗುಬಟು ತಿರುಗಿಸಿದೆ. ತಬಲದವರು ಗೊಣಗುತ್ತಾ ಮತ್ತೆ ಸುತ್ತಿಗೆ ತೆಗೆದರು. ಎರಡನೇ ಚರಣದ ಎತ್ತರದ ಸಾಲಿನಲ್ಲಿ ದನಿ ಹಸಿ ಕಟ್ಟಿಗೆ ಸೀಳಿದ ಹಾಗೆ ಒಡೆಯಿತು. ಮುಂದಿನ ಸಾಲಿನಲ್ಲಿ ಕೂತವರು ತಲೆ ತಗ್ಗಿಸಿದರು. ತಿದಿ ಜೋರಾಗಿ ಒತ್ತಿ ಪೆಟ್ಟಿಗೆಯ ಸದ್ದಿನಲ್ಲಿ ಅದನ್ನು ಮುಚ್ಚಿಬಿಡಬಹುದಿತ್ತು. ಮುಚ್ಚಲಿಲ್ಲ. ಸಣ್ಣಗೆ ಸ್ವರ ಹಿಡಿದು ಕಾದೆ. ಅವರು ಆ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು, ಇನ್ನೊಮ್ಮೆ ಒಡೆಯಿತು, ಹಾಗೆಯೇ ಹಾಡಿ ಮುಗಿಸಿದರು. ರೆಕಾರ್ಡಿಂಗ್ ಕೋಣೆಯಾಗಿದ್ದರೆ ಅಳಿಸಿ ಮತ್ತೆ ಹಾಡಿಸುತ್ತಿದ್ದರು. ಸಭೆಯಲ್ಲಿ ಬಾಯಿ ಬಿಟ್ಟು ಹೋದದ್ದು ಹೋದಂತೆಯೇ.

“ಈಗ ಎಷ್ಟು ಕೊಡ್ಲಿ?” ಎಂದು ಮತ್ತೆ ಕೇಳಿದೆ.

ದೊಡ್ಡವರು ಮೈಕ್ ಹತ್ತಿರಕ್ಕೆ ಎಳೆದುಕೊಂಡು ಜನರಿಗೇ ಹೇಳಿದರು: “ನನ್ನ ಗಂಟಲು ಇವತ್ತು ಅರ್ಧ ಮನೆ ಕೆಳಗಿದೆ. ನಾನೂ ಕೆಳಗಿಳಿದೇ ಹಾಡ್ತೀನಿ. ಕೊಡಿ ತಾಯಿ, ಒಂದೂವರೆ.”

ಜನ ನಕ್ಕರು. ನಗುವಿನಲ್ಲಿ ಕುಹಕ ಇರಲಿಲ್ಲ.

“ಅಕ್ಕಾ, ಇವತ್ತು ನನ್ನ ಸುತ್ತಿಗೆಗೆ ರಜಾನೇ ಇಲ್ವಾ?” ಎಂದರು ತಬಲದವರು.

ಉಳಿದ ನಾಲ್ಕು ಹಾಡನ್ನು ದೊಡ್ಡವರು ಒಂದೂವರೆಯಲ್ಲೇ ಹಾಡಿದರು.

ಕಚೇರಿ ಮುಗಿದ ಮೇಲೆ ಮಾಲೀಕರು ಬಂದರು. ನಾನು ಪೆಟ್ಟಿಗೆಗೆ ಬಟ್ಟೆ ಹೊದಿಸುತ್ತಿದ್ದೆ, ತಲೆ ಎತ್ತಲಿಲ್ಲ.

“ಮೊದಲರ್ಧ ಚೆನ್ನಾಗಿತ್ತು ಅಮ್ಮ,” ಎಂದರು. “ಆಮೇಲೆ ಯಾಕೋ ಕೆಟ್ಟುಹೋಯ್ತು. ದನಿ ಒಡೆದಾಗ ನೀವು ಸ್ವಲ್ಪ ಜೋರಾಗಿ ಬಾರಿಸಬಾರದಿತ್ತಾ?”

ದೊಡ್ಡವರು ಶಾಲು ಮಡಚುತ್ತಾ ಅಲ್ಲೇ ಇದ್ದರು. “ಮೊದಲರ್ಧದಲ್ಲಿ ಇವರೊಬ್ರೇ ಕಚೇರಿ ನಡೆಸಿದ್ರು ಕಣಯ್ಯಾ. ಆಮೇಲೇನೇ ನನ್ನ ಜೊತೆ ಬಾರಿಸಿದ್ದು. ನಾನು ಮುಂದಿನ ಸಲ ಬಂದಾಗ್ಲೂ ಇವರೇ ಇರ್ಲಿ,” ಎಂದರು.

ಮಾಲೀಕರಿಗೆ ತಲೆಬುಡ ತಿಳಿಯಲಿಲ್ಲ. ಅವರ ಮುಖ ನೋಡಿದರು, ನನ್ನ ಮುಖ ನೋಡಿದರು.

“ಸರಿ, ಹಾಗಾದ್ರೆ ಬುಧವಾರ ಮೂರು ಗಂಟೆಗೆ ಅಭ್ಯಾಸಕ್ಕೆ ಬನ್ನಿ. ತಡ ಮಾಡಬೇಡಿ.”

ಎರಡೂವರೆಗೇ ಹೋದೆ.