ಕೋಣೆಯಲ್ಲಿ ಉಳಿದ ಐದು ಹಾವುಗಳು

ಸೌದಿಯ ದಮ್ಮಾಮಿನಲ್ಲಿ ಆರು ವರ್ಷ ನನ್ನ ಜೊತೆ ಒಂದೇ ಫ್ಲಾಟಿನಲ್ಲಿದ್ದ ಗೆಳೆಯರು ತೀರಿಕೊಂಡಾಗ ಅವರ ಕೋಣೆಯಲ್ಲಿ ಐದು ಹಾವುಗಳಿದ್ದವು. ಅವುಗಳಿಗೆ ತಿನ್ನಿಸುವವನು ನಾನೊಬ್ಬನೇ ಉಳಿದೆ.

ಅವರು ಹಾವೇರಿ ಕಡೆಯವರು, ನಾನು ಬಂಟ್ವಾಳದವನು. ಇಬ್ಬರೂ ಯಂತ್ರ ದುರಸ್ತಿಯ ಒಂದೇ ಕಂಪನಿಯಲ್ಲಿದ್ದೆವು. ಅವರು ವರ್ಕ್‌ಶಾಪಿನಲ್ಲಿ, ನಾನು ಸ್ಟೋರಿನಲ್ಲಿ. ನನಗಿಂತ ಹತ್ತು ವರ್ಷ ದೊಡ್ಡವರಾದ್ದರಿಂದ ಅಣ್ಣ ಎಂದೇ ಕರೆಯುತ್ತಿದ್ದೆ.

ಮೊದಲ ಹಾವು ಬಂದದ್ದು ಕೆಲಸದ ಜಾಗದಿಂದ. ಪೈಪಿನ ರಾಶಿಯಡಿ ಸಿಕ್ಕ ಮರಳುಹಾವನ್ನು ಕೆಲಸದವರು ಸಲಿಕೆಯಲ್ಲಿ ಹೊಡೆಯಲು ಹೊರಟಾಗ ಅಣ್ಣ ಅದನ್ನು ಹೆಲ್ಮೆಟ್ಟಿನಲ್ಲಿ ಹಾಕಿಕೊಂಡು ಮನೆಗೆ ತಂದಿದ್ದರು. ಗೇಣುದ್ದದ ಹಾವು. ಕಣ್ಣುಗಳು ತಲೆಯ ಮೇಲ್ಗಡೆ.

"ಎಂತ ಮಾರಾಯ್ರೆ ಇದು! ಮನೆಯೊಳಗೆ ಹಾವಾ?" ಎಂದು ನಾನು ಬಾಗಿಲಲ್ಲೇ ನಿಂತೆ.

"ವಿಷ ಇಲ್ಲೋ ತಮ್ಮಾ. ಹೆದರಬ್ಯಾಡ, ಬಾ ಒಳಗ."

ಉಳಿದ ನಾಲ್ಕು, ನಮ್ಮ ಕಂಪನಿಯಲ್ಲೇ ಇದ್ದ ಒಬ್ಬ ಸೌದಿ ಗೃಹಸ್ಥನಿಂದ ಬಂದವು. ಅವನ ಮನೆಯಲ್ಲಿ ಒಂದು ಕೋಣೆಯ ತುಂಬ ಹಾವುಗಳಂತೆ. ಕಿತ್ತಳೆ ಬಣ್ಣದ್ದೊಂದು, ಬೇರೆ ಹಾವುಗಳನ್ನೇ ನುಂಗುವ ಕಪ್ಪುಬಿಳಿ ಪಟ್ಟೆಯದೊಂದು, ಮೊಟ್ಟೆ ಬಿಟ್ಟು ಬೇರೇನೂ ತಿನ್ನದ ಸಪೂರದ್ದೊಂದು, ಕೊನೆಗೆ ತೋಳಿನಷ್ಟು ದಪ್ಪದ ಹೆಬ್ಬಾವು. ಅದು ಮುಟ್ಟಿದರೆ ಚೆಂಡಿನಂತೆ ಮುದುಡಿ, ತಲೆಯನ್ನು ನಡುವೆ ಬಚ್ಚಿಟ್ಟುಕೊಳ್ಳುತ್ತಿತ್ತು. ಅಣ್ಣನಿಗೆ ಅದರ ಮೇಲೆ ಪ್ರೀತಿ ಹೆಚ್ಚು.

ಶುಕ್ರವಾರ ನಾನು ಜುಮಾ ನಮಾಜು ಮುಗಿಸಿ ಬರುವ ಹೊತ್ತಿಗೆ ಅಣ್ಣ ಫ್ರೀಜರಿನ ಇಲಿಗಳನ್ನು ಬಿಸಿನೀರಿಗೆ ಹಾಕಿ ಕೂತಿರುತ್ತಿದ್ದರು. ನನ್ನ ಅಂಜಲ್ ಮೀನಿನ ಪಕ್ಕದಲ್ಲೇ ಐಸ್‌ಕ್ರೀಮ್ ಡಬ್ಬಿಯಲ್ಲಿ ಆ ಇಲಿಗಳು. ಈ ವಿಷಯಕ್ಕೆ ನಾವು ಎಷ್ಟೋ ಸಲ ಜಗಳವಾಡಿದ್ದೇವೆ.

ಒಂದು ಬೆಳಿಗ್ಗೆ ವರ್ಕ್‌ಶಾಪಿನಲ್ಲಿ ಎದೆ ಭಾರ ಎಂದು ಸ್ಟೂಲಿನ ಮೇಲೆ ಕೂತವರು ಮತ್ತೆ ಏಳಲಿಲ್ಲ. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೇಹವನ್ನು ಊರಿಗೆ ಕಳಿಸಲು ಪೊಲೀಸರ ಕಾಗದ, ಆಸ್ಪತ್ರೆಯ ಕಾಗದ, ಅಲ್ಲಿರಲು ಕೊಟ್ಟ ಪರವಾನಗಿ, ಇಕಾಮಾ, ರದ್ದು ಮಾಡಿದ ಕಾಗದ ಎಲ್ಲ ಆಗಬೇಕು. ಮೂರು ವಾರ ಹಿಡಿಯಿತು. ಆ ಮೂರು ವಾರ ಅವರು ಶವಾಗಾರದಲ್ಲಿ, ಅವರ ಹಾವುಗಳು ನನ್ನ ಪಕ್ಕದ ಕೋಣೆಯಲ್ಲಿ.

ಹಾವುಗಳಿಗೆ ತಿನ್ನಿಸಲೆಂದು ಆ ಕೋಣೆಗೆ ಹೋಗಲು ನನಗೆ ನಾಲ್ಕು ದಿನ ಬೇಕಾಯಿತು. ಉದ್ದದ ಇಕ್ಕಳ ಎಲ್ಲಿದೆ, ಯಾವುದಕ್ಕೆ ಎಷ್ಟು ದೊಡ್ಡ ಇಲಿ ಎಂಬುದೆಲ್ಲ ನೋಡಿ ಗೊತ್ತಿತ್ತು, ಮಾಡಿ ಗೊತ್ತಿರಲಿಲ್ಲ. ಪಟ್ಟೆಯದು ಇಕ್ಕಳಕ್ಕೇ ಬಾಯಿ ಹಾಕಿದಾಗ ಚೀರಿಬಿಟ್ಟೆ. ಸಪೂರದ್ದು ಕಾಡೆಹಕ್ಕಿಯ ಪುಟ್ಟ ಮೊಟ್ಟೆಯನ್ನು ನುಂಗಿ, ಒಳಗೇ ಒಡೆದು, ಚಿಪ್ಪನ್ನು ಮಡಿಸಿದ ಕಾಗದದಂತೆ ಹೊರಗೆ ಉಗುಳಿತು. ಅಣ್ಣ ಇದನ್ನು ತೋರಿಸಲು ಎಷ್ಟು ಸಲ ಕರೆದಿದ್ದರು, ನಾನು ಒಮ್ಮೆಯೂ ಹೋಗಿರಲಿಲ್ಲ.

ಹೆಬ್ಬಾವು ಮಾತ್ರ ತಿನ್ನಲಿಲ್ಲ. ಮುಂದಿನ ವಾರವೂ ಮೂಗಿನ ಮುಂದೆ ಹಿಡಿದ ಇಲಿಯಿಂದ ತಲೆ ತಿರುಗಿಸಿತು.

ಅಣ್ಣನ ಹೆಂಡತಿ ದಿನಾ ಫೋನು ಮಾಡುತ್ತಿದ್ದರು. ಅವರನ್ನು ನಾನು ನೋಡಿರಲಿಲ್ಲ, ಅಕ್ಕ ಎನ್ನುತ್ತಿದ್ದೆ. ಒಂದು ದಿನ ಸಾಮಾನಿನ ವಿಷಯ ಬಂತು.

"ಅವರ ಸಾಮಾನು ಏನೇನ್ ಅದಾವ್ರಿ ಅಣ್ಣಾರ?"

ಬಟ್ಟೆ, ಗಡಿಯಾರ, ಟೂಲ್ ಪೆಟ್ಟಿಗೆ ಎಂದೆ. ಮತ್ತೆ ತಡೆಯಲಾರದೆ, "ಹಾವುಗಳಿವೆ ಅಕ್ಕ. ಐದು" ಎಂದೆ.

"ಹಾವಾ? ನನಗ ಹೇಳೇ ಇಲ್ಲಲ್ರಿ. ದಿನಾ ವಿಡಿಯೋದಾಗ ಮಾತಾಡ್ತಿದ್ರು. ಅಡಿಗಿಮನ್ಯಾಗ ಕುಂತು ಮಾತಾಡ್ತಿದ್ರು."

ಅಡುಗೆಮನೆಯಲ್ಲಿ ಯಾಕೆ ಕೂರುತ್ತಿದ್ದರು ಎಂಬುದು ನಮ್ಮಿಬ್ಬರಿಗೂ ಆಗಲೇ ಹೊಳೆದದ್ದು.

"ನೀವು ಹೆದರ್ತೀರಿ ಅಂತ ಇರಬಹುದು ಅಕ್ಕ."

"ಇಪ್ಪತ್ತೆರಡು ವರ್ಷ ಆತು ಮದುವಿಯಾಗಿ. ಇನ್ನೂ ಏನೇನ್ ಹೇಳಿಲ್ಲೋ ನನಗ" ಎಂದರು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರನ್ನು ಹೇಗಾದರೂ ಸಮಾಧಾನ ಮಾಡಬೇಕೆನಿಸಿ ಹೇಳಿಬಿಟ್ಟೆ: "ಅದರಲ್ಲಿ ಒಂದು ಹೆಬ್ಬಾವುಂಟು. ಅಣ್ಣ ಹೋದ ಮೇಲೆ ಅದು ಒಂದು ತುತ್ತೂ ತಿಂದಿಲ್ಲ ಅಕ್ಕ. ಅವರನ್ನೇ ಕಾಯ್ತಾ ಉಂಟು ಅಂತ ಕಾಣ್ತದೆ."

ಆಗ ಅವರು ಅತ್ತರು. ಮರುದಿನದಿಂದ ಫೋನು ಎತ್ತಿದ ಕೂಡಲೇ ಮೊದಲ ಪ್ರಶ್ನೆ, "ತಿಂತೇನ್ರಿ ಅದು?"

ಮೂರನೆಯ ವಾರ ದೇಹವನ್ನು ವಿಮಾನಕ್ಕೆ ಹಾಕಿ ಬಂದೆ. ಮರುದಿನ ಸಂಜೆ ಹಾವುಗಳನ್ನು ಒಯ್ಯಲು ಆ ಸೌದಿಯವನು ಬಂದ. ಹೆಬ್ಬಾವು ಬಾಯಿ ತೆರೆದುಕೊಂಡು ಸಿಳ್ಳೆಯಂತೆ ಉಸಿರಾಡುತ್ತಿತ್ತು. ತುಟಿಯ ಅಂಚಿನಲ್ಲಿ ನೊರೆ. ದುಃಖಕ್ಕೆ ಹೀಗಾಗಿದೆ ಎಂದು ಹರಕುಮುರುಕು ಅರಬ್ಬಿಯಲ್ಲಿ ಹೇಳಿದೆ. ಅವನು ಅದರ ಗಾಜಿನ ಪೆಟ್ಟಿಗೆಯ ತಳಕ್ಕೆ ಅಂಗೈ ಒತ್ತಿದ.

"ಬಾರಿದ್" ಎಂದ. ತಣ್ಣಗಿದೆ.

ಪ್ರತಿ ಹಾವಿನ ಪೆಟ್ಟಿಗೆಯ ಅಡಿಯಲ್ಲೂ ಕರೆಂಟಿನಿಂದ ಬಿಸಿಯಾಗುವ ಹಾಸು ಇತ್ತು. ಅವನು ಹೆಬ್ಬಾವಿನ ಹಾಸಿನ ವಯರನ್ನು ಹಿಡಿದು ಗೋಡೆಯವರೆಗೆ ಹೋದ. ಪ್ಲಗ್ ನೆಲದ ಮೇಲೆ ಬಿದ್ದಿತ್ತು. ಅದರ ಜಾಗದಲ್ಲಿ ನನ್ನ ಹಳೆಯ ಚಾರ್ಜರ್.

ಅಣ್ಣ ಹೋದ ದಿನ ಊರಿನಿಂದ, ಆಫೀಸಿನಿಂದ ಒಂದರ ಹಿಂದೊಂದು ಫೋನು. ಬ್ಯಾಟರಿ ಮುಗಿಯುತ್ತ ಬಂದು, ಅವರ ಪಾಸ್‌ಪೋರ್ಟ್ ಹುಡುಕಲು ಆ ಕೋಣೆಗೆ ನುಗ್ಗಿದವನು ಕೈಗೆ ಸಿಕ್ಕಿದ ಪ್ಲಗ್ ಕಿತ್ತು ಚಾರ್ಜರ್ ಸಿಕ್ಕಿಸಿ ಅಲ್ಲೇ ಮರೆತಿದ್ದೆ. ಹೊರಗೆ ರಸ್ತೆಯ ಡಾಂಬರು ಕರಗುವ ಬಿಸಿಲು. ಒಳಗೆ ಹಗಲಿಡೀ ಏಸಿ. ಮೂರು ವಾರ ಆ ಹಾವು ಚಳಿಯಲ್ಲಿತ್ತು.

"ಅದಕ್ಕೆ ಯಾರು ಸತ್ತರು ಅಂತ ಗೊತ್ತಿಲ್ಲ. ಅದಕ್ಕೆ ಚಳಿ ಮಾತ್ರ ಗೊತ್ತು" ಎಂದ ಅವನು. ಬೈಯಲಿಲ್ಲ. ತನ್ನ ತಲೆವಸ್ತ್ರವನ್ನೇ ತೆಗೆದು ಹಾವಿಗೆ ಸುತ್ತಿ ಕಾರಿಗೆ ಒಯ್ದ. ಐದನೆಯ ದಿನ ಆಫೀಸಿನ ಮೆಟ್ಟಿಲಲ್ಲಿ ಸಿಕ್ಕಿ, ಅದು ಸತ್ತಿತು ಎಂದು ತಿಳಿಸಿದ. ಉಳಿದ ನಾಲ್ಕೂ ಚೆನ್ನಾಗಿವೆಯಂತೆ.

ಅಕ್ಕನಿಗೆ ಹಾವು ಸತ್ತದ್ದನ್ನು ಹೇಳಿದೆ. ಪ್ಲಗ್ಗಿನ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು, "ಅವರ ಹಿಂದನ ಹೋತು ನೋಡ್ರಿ" ಎಂದರು. ಅವರ ದನಿಯಲ್ಲಿ ಒಂದು ಬಗೆಯ ನೆಮ್ಮದಿಯಿತ್ತು. ನಾನು "ಹೌದಕ್ಕ" ಎಂದೆ.

ವರ್ಷದ ಕಾರ್ಯದ ದಿನ ಬಂದ ನೆಂಟರಿಗೆಲ್ಲ ಇದನ್ನೇ ಹೇಳಿದರಂತೆ. ಗಂಡನಿಗಾಗಿ ಪರದೇಶದಲ್ಲಿ ಒಂದು ಹಾವು ಅನ್ನ ಬಿಟ್ಟು ಪ್ರಾಣ ಬಿಟ್ಟಿತು ಎಂದು. ಅದರ ಫೋಟೋ ಇದ್ದರೆ ಕಳಿಸಿ ಎಂದು ಕೇಳಿದರು. ಅಣ್ಣನ ಮೊಣಕಾಲ ಮೇಲೆ ಅದು ಮುದುಡಿ ಕೂತ ಫೋಟೋ ನನ್ನ ಫೋನಿನಲ್ಲಿತ್ತು, ಕಳಿಸಿದೆ. ಈಗ ಅದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ಇಟ್ಟಿದ್ದಾರೆ.

ರಜೆಗೆ ಬಂದಾಗ ಒಂದ್ಸಲ ಮನೆಗೆ ಬಂದು ಹೋಗ್ರಿ ಎಂದು ಕರೆಯುತ್ತಲೇ ಇರುತ್ತಾರೆ. ಎರಡು ಸಲ ರಜೆಗೆ ಹೋಗಿ ಬಂದೆ. ಹಾವೇರಿಗೆ ಹೋಗಲಿಲ್ಲ.