ಮಗಳ ತಲೆ ದುಂಡಗಾದ ಬಗೆ

ಮಗಳಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ಅವಳ ತಲೆಯ ಹಿಂಭಾಗ ಬಲಗಡೆ ಚಪ್ಪಟೆಯಾಗಿರುವುದು ನನ್ನ ಕಣ್ಣಿಗೆ ಬಿತ್ತು. ನೀರೆರೆದು, ತಲೆ ಒರೆಸಿ, ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮೇಲಿನಿಂದ ನೋಡಿದರೆ ಒಂದು ಕಿವಿ ಇನ್ನೊಂದಕ್ಕಿಂತ ತುಸು ಮುಂದೆ ಬಂದಿತ್ತು. ಅತ್ತೆಯನ್ನು ಕೂಗಿ ಕರೆದೆ.

ನಾವಿರುವುದು ಚೆನ್ನೈನ ಪುರಸೈವಾಕ್ಕಂನಲ್ಲಿ, ನನ್ನ ಮಾವನವರ ಸಸ್ಯಾಹಾರಿ ಹೋಟೆಲಿನ ಮಹಡಿಯ ಮೇಲೆ. ಅವರದು ಉಡುಪಿ ಕಡೆ, ನಾನು ಮೈಸೂರಿನವಳು. ಕಿಟಕಿಯ ಕೆಳಗೇ ಬಟ್ಟೆಯಂಗಡಿಗಳ ಬೀದಿ. ತೊಟ್ಟಿಲಲ್ಲಿ ಮಲಗಿದ ಮಗಳು ಸದಾ ಆ ಬೆಳಕಿನ ಕಡೆಗೆ, ಬಲಕ್ಕೇ, ಮುಖ ಮಾಡಿರುತ್ತಿದ್ದಳು.

ಅತ್ತೆ ಬಂದು ಬೆರಳಾಡಿಸಿ ನೋಡಿದರು. “ಎಂತಕ್ಕೆ ಹೆದರುದು? ಸಾಸಿವೆ ದಿಂಬು ಹೊಲಿದು ಕೊಡ್ತೇನೆ. ನನ್ನ ಮೂರೂ ಮಕ್ಕಳು ಅದರ ಮೇಲೇ ಮಲಗಿದ್ದು. ಅವರ ತಲೆ ನೋಡು ಬೇಕಾದ್ರೆ!”

“ಮೊದ್ಲು ಡಾಕ್ಟ್ರಿಗೆ ತೋರಿಸೋಣ ಅತ್ತೆ,” ಅಂದೆ. ಅವರು ಬೇಡವೆನ್ನಲಿಲ್ಲ. ಆದರೆ ಹಳೆಯ ಸೀರೆಯ ಮೆತ್ತನೆ ಬಟ್ಟೆಯಲ್ಲಿ ದಿಂಬು ಹೊಲಿದು ಮುಗಿಸಿ, ಚೀಲದಲ್ಲಿಟ್ಟುಕೊಂಡೇ ಆಸ್ಪತ್ರೆಗೆ ಬಂದರು.

ಮಕ್ಕಳ ಡಾಕ್ಟರು ತಮಿಳಿನ ಹೆಂಗಸು. ಮಗುವಿನ ತಲೆಯನ್ನು ಎಲ್ಲ ಕಡೆಯಿಂದ ನೋಡಿದರು, ಅಳೆದರು, ಕುತ್ತಿಗೆಯನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು. ಆಗ ಮಗಳು ಮುಖ ಸಿಂಡರಿಸಿದಳು. “ಭಯಪ್ಪಡಾದೀಂಗಮ್ಮಾ,” ಹೆದರಬೇಡಿ ಅಂದು ಬಿಡಿಸಿ ಹೇಳಿದರು. ತಲೆಬುರುಡೆಯಲ್ಲಿ ದೋಷವಿಲ್ಲ. ಕುತ್ತಿಗೆಯ ಒಂದು ಸ್ನಾಯು ಬಿಗಿಯಾಗಿರುವುದರಿಂದ ಒಂದೇ ಕಡೆ ತಿರುಗಿ ಮಲಗುತ್ತಾಳೆ. ಮೆದು ತಲೆ, ಅಲ್ಲೇ ಒತ್ತಿಕೊಂಡಿದೆ. ನಿದ್ದೆ ಮಾಡಿಸುವಾಗ ಮಾತ್ರ ಯಾವಾಗಲೂ ಅಂಗಾತವೇ ಮಲಗಿಸಬೇಕು, ಅದರಲ್ಲಿ ಬದಲಾವಣೆ ಇಲ್ಲ. ಎಚ್ಚರವಿದ್ದಾಗ, ಪಕ್ಕದಲ್ಲಿ ಯಾರಾದರೂ ಕೂತು, ಆಗಾಗ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಬೇಕು. ಕುತ್ತಿಗೆಯ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಕಲಿಸುತ್ತಾರೆ. ಫೋನಿನಲ್ಲಿ ನೋಡಿದ್ದ ಹೆಲ್ಮೆಟ್ಟಿನ ಬಗ್ಗೆ ಕೇಳಿದೆ. ಈಗ ಅದರ ಮಾತೇ ಬೇಡ ಅಂದರು.

ಅತ್ತೆ ದಿಂಬು ಹೊರತೆಗೆದರು. ಡಾಕ್ಟರು ಅದನ್ನು ಕೈಯಲ್ಲಿ ಹಿಡಿದು, ಹೊಲಿಗೆ ಚೆನ್ನಾಗಿದೆಯೆಂದು ಮೆಚ್ಚಿ, “ಆನಾ ವೇಣಾಮ್ಮಾ,” ಅಂದರು. ಇಷ್ಟು ಚಿಕ್ಕ ಮಗುವಿಗೆ ಯಾವ ದಿಂಬೂ ಬೇಡ, ಉಸಿರಿಗೆ ಅಪಾಯ.

ಆಟೋದಲ್ಲಿ ಅತ್ತೆ ದಿಂಬನ್ನು ಚೀಲಕ್ಕೆ ಹಾಕದೆ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಮನೆಯಲ್ಲಿ ಏನಾಗುವುದೋ ಎಂದು ನಾನು ಮುದುಡಿ ಕೂತಿದ್ದೆ. ಅವರು ನೇರ ಅಡುಗೆಮನೆಗೆ ಹೋಗಿ, ದಿಂಬಿನ ಹೊಲಿಗೆ ಬಿಚ್ಚಿ, ಸಾಸಿವೆಯನ್ನೆಲ್ಲ ಡಬ್ಬಿಗೆ ಸುರಿದರು. “ನನಗೆ ಆಗ ಯಾರೂ ಹೇಳ್ಲಿಲ್ಲ. ಈಗ ಹೇಳಿದ್ದಾರಲ್ಲ, ಕೇಳುದು,” ಅಂದರು. ಆಮೇಲೆ ತೊಟ್ಟಿಲಲ್ಲಿ ಮಗುವಿನ ತಲೆ ಬರುವ ಕಡೆಗೆ ಕಾಲು ಬರುವಂತೆ ಹಾಸಿಗೆ ಬದಲಿಸಿದರು. ಈಗ ಕಿಟಕಿ ನೋಡಬೇಕೆಂದರೆ ಅವಳು ಎಡಕ್ಕೇ ತಿರುಗಬೇಕು. ಇದು ಯಾರೂ ಹೇಳಿಕೊಟ್ಟದ್ದಲ್ಲ.

ಬೋರಲು ಹಾಕುವುದೇ ದೊಡ್ಡ ಫಜೀತಿಯಾಯಿತು. ಚಾಪೆಗೆ ಮೂಗು ತಾಗಿದ್ದೇ ತಡ, ಕೆಳಗಿನ ಗಿರಾಕಿಗಳಿಗೂ ಕೇಳುವಂತೆ ಅಳುತ್ತಿದ್ದಳು. ನಾನು ತಕ್ಷಣ ಎತ್ತಿಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ, ಊಟದ ಗಲಾಟೆ ಮುಗಿದು ಮಾವ ಮಲಗಲೆಂದು ಮೇಲೆ ಬಂದವರು, ನಾನೂ ಮಗಳೂ ಇಬ್ಬರೂ ಅಳುತ್ತಿರುವುದನ್ನು ನೋಡಿದರು. ಮನೆಯಲ್ಲಿ ಹೆಚ್ಚು ಮಾತಾಡದ ಮನುಷ್ಯ. ಅಂಗಿ ಕಳಚಿ, ಆ ದೊಡ್ಡ ಹೊಟ್ಟೆಯ ಮೇಲೆಯೇ ಮೊಮ್ಮಗಳ ಎದುರು ಬೋರಲು ಮಲಗಿ, ಹೋಟೆಲಿನ ದನಿಯಲ್ಲಿ ಕೂಗಿದರು: “ಒಂದು ಮಸಾಲೆ, ಎರಡು ಕಾಪಿ!”

ಅಳು ನಿಂತಿತು. ದನಿ ಎಲ್ಲಿಂದ ಬಂತೆಂದು ಅವಳು ಹುಡುಕಿದಳು. ಮಾವ ತೆವಳಿಕೊಂಡು ಅವಳ ಎಡಕ್ಕೆ ಬಂದು, “ರವೆ ಇಡ್ಲಿ ಉಂಟಾ ಮಾರಾಯ್ತಿ?” ಅಂದರು. ತಲೆ ನಿಧಾನವಾಗಿ ಎಡಕ್ಕೆ ತಿರುಗಿತು. ಮಾವನನ್ನು ಎಬ್ಬಿಸಿ ನಿಲ್ಲಿಸಲು ನಾನೂ, ಕೆಳಗೆ ಹೋಟೆಲಿನಿಂದ ಬಂದ ನನ್ನ ಗಂಡನೂ ಸೇರಬೇಕಾಯಿತು. ಮಂಡಿನೋವಿನ ಮನುಷ್ಯ, ಆದರೂ ಮರುದಿನದಿಂದ ಮಧ್ಯಾಹ್ನದ ನಿದ್ದೆಯನ್ನೇ ಬಿಟ್ಟರು.

ಒಮ್ಮೆ ಟಿ. ನಗರದ ನೆಂಟರೊಬ್ಬರು ಬಂದು, “ದಿಂಬು ಇಡ್ಲಿಲ್ವಾ? ತಲೆ ಹೀಗಾಗಿದೆ,” ಎಂದು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, “ನನ್ನ ಸೊಸೆಗೆ ಗೊತ್ತುಂಟು ಎಂತ ಮಾಡ್ಬೇಕು ಅಂತ,” ಅಂದರು. ಆ ಮಾತು ಕೇಳಿ ನನಗೆ ಒಂದು ಗೇಣು ಎತ್ತರ ಬೆಳೆದ ಹಾಗಾಯಿತು.

ಐದನೆಯ ತಿಂಗಳಲ್ಲಿ ಒಂದು ದಿನ ಮಗಳು ಎರಡೂ ಮೊಣಕೈ ಊರಿ, ಎದೆಯೆತ್ತಿ, ಅಜ್ಜನ ಮುಖವನ್ನು ದಿಟ್ಟಿಸಿ ನಕ್ಕಳು. ಮಾವ ಕಣ್ಣೊರೆಸಿಕೊಂಡು, ಮಂಡಿನೋವಿಗೆ ನೀರು ಬಂತು ಎಂದರು.

ಮುಂದಿನ ಸಲ ಆಸ್ಪತ್ರೆಗೆ ಮಾವನೂ ಬಂದಿದ್ದರು. ಡಾಕ್ಟರು ಕುತ್ತಿಗೆ ಎರಡೂ ಕಡೆ ಸಲೀಸಾಗಿ ತಿರುಗುತ್ತಿದೆ, ತಲೆ ದುಂಡಗಾಗುತ್ತಿದೆ ಅಂದರು. ಪೂರ್ತಿ ಅಲ್ಲ, ಈಗಲೂ ಕೈಯಿಟ್ಟರೆ ನನಗೆ ಒಂಚೂರು ತಿಳಿಯುತ್ತದೆ, ಕೂದಲು ಬಂದ ಮೇಲೆ ಬೇರೆಯವರಿಗೆ ಗೊತ್ತಾಗುವುದಿಲ್ಲ. ಅಂದು ಹೊರಗೆ ಕಾಯುತ್ತಿದ್ದ ಹೊಸ ತಾಯಿಯೊಬ್ಬಳ ಮಗುವಿಗೂ ಇದೇ ತೊಂದರೆ. ಡಾಕ್ಟರು ಅವಳನ್ನು ನಮ್ಮ ಹತ್ತಿರ ಕಳಿಸಿದರು. ಅತ್ತೆ ತಮ್ಮ ಉಡುಪಿ ತಮಿಳಿನಲ್ಲಿ ನಾವು ಮಾಡಿದ್ದನ್ನೆಲ್ಲ ಹೇಳುತ್ತಾ ಹೋದರು. ಬೋರಲು ಹಾಕುವುದು ಹೇಗೆಂದು ಅವಳು ಕೇಳಿದಾಗ, ಮಾವ ಆಸ್ಪತ್ರೆಯ ಬೆಂಚಿನಿಂದ ಎದ್ದು, ಮಲಗಿ ತೋರಿಸಲು ಜಾಗವಿದೆಯೇ ಎಂದು ನೆಲ ನೋಡತೊಡಗಿದರು. ನಾನು ತೋಳು ಹಿಡಿದು ಕೂರಿಸಿದೆ.